ಅಳಿಸಿದ ಒಂಬತ್ತು ಮೂರುಗಳು

ಆ ಶುಕ್ರವಾರ ಮಾಡಿದ ಕೆಲಸಗಳು, ನನ್ನ ದಿನಚರಿಯಲ್ಲಿ ಬರೆದಿಟ್ಟಂತೆ: ಐದೂವರೆಗೆ ಎದ್ದು ನಲ್ಲಿಯ ನೀರು ಹಿಡಿದದ್ದು. ಹಾಲು ಕಾಸಿದ್ದು. ಒಂಬತ್ತು ರೊಟ್ಟಿ ಬಡಿದದ್ದು, ಅದರಲ್ಲೊಂದು ಹರಿದದ್ದು. ಶೇಂಗಾ ಹುರಿದು ಸಿಪ್ಪೆ ತೂರಿದ್ದು. ಅತ್ತೆಯವರ ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬಿದ್ದು. ಸ್ಕೂಟರಿನ ಹಿಂದಿನ ಗಾಲಿಗೆ ಗಾಳಿ ಹಾಕಿಸಿದ್ದು. ಕಾಲೇಜಿನಲ್ಲಿ ಯಂತ್ರದ ಎಣ್ಣೆ ನೋಡಿದ್ದು. ಮೂರು ಕಾಂಕ್ರೀಟ್ ಕ್ಯೂಬ್ ಒಡೆಸಿದ್ದು. ಕಂಪ್ಯೂಟರಿನ ಒಂದು ಸಾಲಿನಿಂದ ಒಂಬತ್ತು ಮೂರುಗಳನ್ನು ಅಳಿಸಿದ್ದು.

ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಯಾವ ವಾರ ಬೇಕಾದರೂ ಇರುವಂಥದ್ದೇ.

ನಾನು ಮರಾಠಿ ಸೀಮೆಯ ಹಡಪಸರದ ಆಚೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಾಂಕ್ರೀಟ್ ಕಲಿಸುತ್ತೇನೆ. ಕಟ್ಟಡದ ಸ್ಲ್ಯಾಬ್ ಹಾಕುವಾಗ ಅದೇ ಕಾಂಕ್ರೀಟನ್ನು ಗೇಣಿಗಿಂತ ತುಸು ಸಣ್ಣ ಅಚ್ಚುಗಳಲ್ಲಿ ತುಂಬಿ ಚೌಕನೆಯ ಕ್ಯೂಬ್ ಮಾಡುತ್ತಾರೆ. ಕಾಂಕ್ರೀಟ್ ಗಟ್ಟಿಯಾಗಲು ತೇವ ಬೇಕು, ಅದಕ್ಕೆ ಅವನ್ನು ನೀರಿನಲ್ಲಿಟ್ಟು ಏಳನೆಯ ದಿನ ನಮ್ಮ ಯಂತ್ರದಲ್ಲಿ ಒತ್ತಿ ಒಡೆಸುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಎಂಬುದರ ಮೇಲೆ ಸ್ಲ್ಯಾಬಿನ ಬಲದ ಅಂದಾಜು. ಶುಕ್ರವಾರ ಮಧ್ಯಾಹ್ನದ ನಾಲ್ಕು ಗಂಟೆಗಳ ಅವಧಿ ಈ ಪ್ರಯೋಗಾಲಯದ್ದು. ಅದು ನನ್ನ ಪಾಲಿಗೆ ಬಂದು ಹತ್ತೊಂಬತ್ತು ವರ್ಷವಾಗಿದೆ. ಆ ಶುಕ್ರವಾರ ಅದರಲ್ಲಿ ಎರಡು ಗಂಟೆ ಕೈಬಿಟ್ಟು ಹೋಗುವುದರಲ್ಲಿತ್ತು.

ಅದಕ್ಕೆ ಕಾರಣ ಒಂದು ಕೋಷ್ಟಕ. ಪದವಿ ಮುಗಿಸಿ ಹೊರಬೀಳುವವರಲ್ಲಿ ಇಂತಿಂಥ ಗುಣಗಳಿರಬೇಕು ಎಂದು ಈಗ ವಿಶ್ವವಿದ್ಯಾಲಯಗಳು ಪಟ್ಟಿ ಇಟ್ಟುಕೊಂಡಿರುತ್ತವೆ. ನಮ್ಮ ಪಟ್ಟಿಯಲ್ಲಿ ಹನ್ನೆರಡು: ವಿಷಯದ ಅರಿವು, ಸಮಸ್ಯೆಯ ಬೆನ್ನುಹತ್ತಿ ಶೋಧಿಸುವುದು, ನೀತಿ, ಪರಿಸರ ಪ್ರಜ್ಞೆ, ಕೂಡಿ ಕೆಲಸ ಮಾಡುವುದು, ಸಂವಹನ, ಬದುಕಿನುದ್ದಕ್ಕೂ ಕಲಿಯುವುದು, ಹೀಗೆ. ಪಠ್ಯಕ್ರಮ ಮಾಡುವಾಗ ಎಡಕ್ಕೆ ವಿಷಯಗಳನ್ನೂ ಮೇಲೆ ಈ ಹನ್ನೆರಡು ಗುಣಗಳನ್ನೂ ಬರೆದು, ಯಾವ ವಿಷಯ ಯಾವ ಗುಣವನ್ನು ಎಷ್ಟು ಬೆಳೆಸುತ್ತದೆ ಎಂದು ಕೋಷ್ಟಕದ ಮನೆಮನೆಯಲ್ಲೂ ಅಂಕಿ ತುಂಬಬೇಕು. ಬಹಳ ಬೆಳೆಸಿದರೆ ಮೂರು, ಸಾಧಾರಣಕ್ಕೆ ಎರಡು, ಸ್ವಲ್ಪಕ್ಕೆ ಒಂದು, ಏನೂ ಇಲ್ಲದಿದ್ದರೆ ಅಡ್ಡಗೆರೆ.

ಮೂರು ವರ್ಷದ ಹಿಂದೆ ಮಾನ್ಯತೆ ಕೊಡುವ ಸಮಿತಿ ಬರುವುದಿತ್ತು. ನಾಳೆ ಬೆಳಗ್ಗೆ ಕೋಷ್ಟಕ ಬೇಕೆಂದು ಇಂದು ಸಂಜೆ ನಾಲ್ಕಕ್ಕೆ ಹೇಳಿದರು. ನಾನು ಮೊದಲ ಮನೆಯಲ್ಲಿ ಮೂರು ಬರೆದೆ, ಅದರ ಮೂಲೆ ಹಿಡಿದು ಮೌಸಿನಿಂದ ಬಲಕ್ಕೆ ಎಳೆದೆ. ಹನ್ನೆರಡೂ ಮನೆ ತುಂಬಿದವು. ಆರೂವರೆಗೆ ಮನೆ ಸೇರಿದ್ದೆ. ವಿಭಾಗದಲ್ಲಿ ಎಲ್ಲರೂ ಎಳೆದದ್ದು ಹೀಗೆಯೇ. ಸಿಮೆಂಟ್ ಕಾರ್ಖಾನೆಯ ಹೊಗೆಯ ಬಗ್ಗೆ ಒಂದು ಮಾತೂ ಆಡದ ನನ್ನ ಪ್ರಯೋಗಾಲಯ ಪರಿಸರ ಪ್ರಜ್ಞೆಗೂ ಮೂರು ಪಡೆಯಿತು. ಸಮಿತಿಯವರು ಕೋಷ್ಟಕ ನೋಡಿದರು, ಚಹಾ ಕುಡಿದರು, ಹೋದರು.

ಈ ವರ್ಷ ಪಠ್ಯಕ್ರಮ ಹೊಸದಾಗಿ ಬರೆಯುವ ಸರದಿ. ನಮ್ಮ ವಿಭಾಗದ ಮುಖ್ಯಸ್ಥರು ಒಳ್ಳೆಯ ಮನುಷ್ಯರು, ಸಾತಾರಾ ಕಡೆಯವರು. ಅವರ ಚಿಂತೆಯೂ ಸುಳ್ಳಲ್ಲ: ಕೆಲಸಕ್ಕೆ ಆರಿಸಲು ಬಂದ ಕಂಪನಿಯವರ ಮುಂದೆ ನಮ್ಮ ಮಕ್ಕಳ ಬಾಯಿ ಕಟ್ಟುತ್ತದೆ. ಅದಕ್ಕೆ ಸಂವಹನಕ್ಕೆಂದೇ ಬೇರೆ ವಿಷಯವೊಂದನ್ನು ಹಾಕಿ, ಹೊರಗಿನ ತರಬೇತುದಾರರನ್ನು ಕರೆಸಿ, ನನ್ನ ಶುಕ್ರವಾರದ ಎರಡು ಗಂಟೆಯನ್ನು ಅವರಿಗೆ ಕೊಡುವುದೆಂದು ಯೋಚಿಸಿದ್ದರು. ಶುಕ್ರವಾರವೇ ಹನ್ನೆರಡಕ್ಕೆ ಅಧ್ಯಯನ ಮಂಡಳಿಯ ಸಭೆ. ಅಲ್ಲಿ ಒಪ್ಪಿಗೆಯಾದರೆ ಮುಂದಿನ ನಾಲ್ಕು ವರ್ಷ ಅದೇ ಖಾಯಂ.

ಮಾತನ್ನು ಬೇರೆ ಕೋಣೆಯಲ್ಲಿ ಬೇರೆಯವರಿಂದ ಕಲಿತರೆ ಮಕ್ಕಳು ಸ್ವಾಗತ ಭಾಷಣ ಮಾಡಲು ಕಲಿಯುತ್ತಾರೆ. ಕಾಂಕ್ರೀಟಿನ ಮಾತನ್ನು ಒಡೆದ ಕಾಂಕ್ರೀಟಿನ ಮುಂದೆ ನಿಂತು ಕಲಿಯಬೇಕು ಎಂಬುದು ನನ್ನ ನಂಬಿಕೆ. ಜೂನ್ ತಿಂಗಳಿಂದ ಅದನ್ನು ಮಾಡಿಯೂ ಇದ್ದೆ. ನಮ್ಮ ಆವರಣದಲ್ಲೇ ಹೊಸ ಹಾಸ್ಟೆಲ್ ಏಳುತ್ತಿದೆ. ಅದರ ಮೇಸ್ತ್ರಿ ಜೇವರ್ಗಿ ಕಡೆಯವನು, ಐವತ್ತರ ಹತ್ತಿರದ ಆಳು. ಪ್ರತಿ ಶುಕ್ರವಾರ ಕೈಗಾಡಿಯಲ್ಲಿ ಕ್ಯೂಬ್ ಹೇರಿಕೊಂಡು ತರುತ್ತಾನೆ. ಫಲಿತಾಂಶದ ಕಾಗದ ಇಂಗ್ಲಿಷಿನಲ್ಲಿ ಗುತ್ತಿಗೆದಾರರ ಕಚೇರಿಗೆ ಹೋಗುತ್ತದೆ. ಕಾಂಕ್ರೀಟ್ ಕಲಸಿದವನ ಕೈಗೆ ಎಂದೂ ಬರುವುದಿಲ್ಲ. ಒಂದು ದಿನ ಅವನು ಬಾಗಿಲಲ್ಲೇ ನಿಂತು, ನನ್ನ ಕನ್ನಡ ಕಿವಿಗೆ ಬಿದ್ದ ಮೇಲೆ ಕೇಳಿದ: "ಅಕ್ಕಾರ, ನಮ್ಮ ಮಾಲು ಹ್ಯಾಂಗದ ಅಂತ ನಮಗೂ ಒಂದೀಟು ಹೇಳ್ರಿ. ಕೈ ನಮ್ದು, ಚೀಟಿ ಅವ್ರಿಗೆ."

ಅಂದಿನಿಂದ ನಿಯಮ ಮಾಡಿದೆ. ಕ್ಯೂಬ್ ಒಡೆಸಿದ ವಿದ್ಯಾರ್ಥಿಯೇ ಮೇಸ್ತ್ರಿಗೆ ಫಲಿತಾಂಶ ವಿವರಿಸಬೇಕು, ಅದಕ್ಕೆ ಮೂರು ಅಂಕ. ಹೇಳುವ ಮೊದಲು ಕೇಳಿದರೆ ಒಂದು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ಒಂದು. ಕೇಳಿಸಿಕೊಂಡವನಿಗೆ ಮುಂದೆ ಏನು ಮಾಡಬೇಕೆಂದು ತಿಳಿದರೆ ಒಂದು. ಈ ಕೊನೆಯದನ್ನು ಹಾಕುವವನು ಮೇಸ್ತ್ರಿ, ನಾನಲ್ಲ.

ಇದನ್ನು ಮಂಡಳಿಯ ಮುಂದಿಡಬೇಕಾದರೆ ಮೊದಲು ಹಳೆಯ ಮೂರುಗಳನ್ನು ತೆಗೆಯಬೇಕಿತ್ತು. ಎಲ್ಲ ಮನೆಯಲ್ಲೂ ಮೂರು ಇರುವಾಗ ನಿಜವಾದದ್ದು ಯಾವುದೆಂದು ಯಾರಿಗೆ ತಿಳಿಯಬೇಕು? ಬೆಳಗ್ಗೆ ರೊಟ್ಟಿ ಬಡಿಯುತ್ತ ಈ ಮಾತು ತೆಗೆದೆ. ಕ್ಯಾಂಪ್ ಪೇಟೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿರುವ ನಮ್ಮ ಮನೆಯವರು ಚಹಾದ ಬಟ್ಟಲು ಕೆಳಗಿಟ್ಟರು.

"ಅಷ್ಟು ಮಂದಿ ನಡುವ ಎದ್ದು ನಿಂತು, ನಾ ಸುಳ್ಳ ಬರದಿದ್ದೆ ಅಂತ ಹೇಳಾಕಿ ನೀ?"

"ಎದ್ದು ಯಾಕ ನಿಂದರ್ಲಿ? ಕುಂತೇ ಹೇಳ್ತೀನ್ರಿ."

"ಮತ್ತ ಪ್ರಿನ್ಸಿಪಾಲ್ರು ಏನರ ಅಂದ್ರ?"

"ಅನ್ಲಿ ಬಿಡ್ರಿ. ಬರದಾಕಿ ನಾನ, ಅಳಸಾಕಿನೂ ನಾನ."

ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ ಅತ್ತೆ ಕಿವಿ ನಿಮಿರಿಸಿದರು. "ಏನ ಅಳಸ್ತಾಳಂತ?"

"ಮೂರು ಅಳಸ್ತಾಳಂತ ಬೇ, ಕಾಲೇಜಿನ್ಯಾಗ."

"ಯಾಕ, ನಾಕು ಬರೀತಾಳೇನು?"

"ಇಲ್ರಿ ಅತ್ತಿ," ಎಂದೆ. "ಗೆರಿ ಎಳೀತೀನಿ."

"ಗೆರಿ ಎಳೀಲಿಕ್ಕೆ ಅಷ್ಟು ದೂರ ಹೋಗ್ತಿ? ಇಲ್ಲೇ ಎಳಿ," ಎಂದು ಅವರು ಮತ್ತೆ ಶೇಂಗಾಕ್ಕೆ ಕೈ ಹಾಕಿದರು.

ಮಗರಪಟ್ಟಾದ ವಾಹನ ಸಂದಣಿ ದಾಟಲು ಆ ದಿನ ನಲವತ್ತು ನಿಮಿಷ ಹಿಡಿಯಿತು. ಕಾಲೇಜು ಸೇರಿದವಳೇ ಕೋಷ್ಟಕ ತೆರೆದೆ. ಅದನ್ನು ನೋಡಿಕೊಳ್ಳುವವನು ಮೈಸೂರಿನಿಂದ ಬಂದ ಕಿರಿಯ ಸಹೋದ್ಯೋಗಿ, ಪಕ್ಕದ ಮೇಜಿನವನು. ವಿಷಯದ ಅರಿವಿಗೆ ಮೂರು, ಶೋಧನೆಗೆ ಮೂರು ಹಾಗೇ ಬಿಟ್ಟೆ. ಸಂವಹನದ ಮೂರನ್ನು ಎರಡು ಮಾಡಿದೆ, ಯಾಕೆಂದರೆ ಶುರುಮಾಡಿ ಎರಡೇ ತಿಂಗಳಾಗಿತ್ತು. ಉಳಿದ ಒಂಬತ್ತು ಮನೆಗೆ ಗೆರೆ. ಒಂದೊಂದು ಅಳಿಸಿದಾಗಲೂ ಆ ಮನೆ ಕೆಂಪಾಗುತ್ತಿತ್ತು, ಅವನ ಮುಖ ಸಣ್ಣದಾಗುತ್ತಿತ್ತು.

"ಮೇಡಂ, ಡ್ಯಾಶ್ ಹಾಕಿದ್ರೆ ಶೀಟ್ ರೆಡ್ ತೋರ್ಸುತ್ತೆ. ಅಟ್‌ಲೀಸ್ಟ್ ಒಂದೊಂದಾದ್ರೂ ಹಾಕ್ಬಿಡಿ, ಪ್ಲೀಸ್."

"ಕೆಂಪು ಇರಲಿ ಬಿಡಪ್ಪ. ಕುಂಕುಮದ ಬಣ್ಣ, ಏನ್ ತಪ್ಪದ?"

"ಮೇಡಂ, ಸಭೆಯಲ್ಲಿ ಪ್ರೊಜೆಕ್ಟರ್ ಆನ್ ಮಾಡೋನು ನಾನು! ಎಲ್ರೂ ನನ್ನೇ ನೋಡ್ತಾರೆ."

ಸಭೆಯಲ್ಲಿ ಏಳೆಂಟು ಜನ. ಹೊರಗಿನ ಸದಸ್ಯೆಯಾಗಿ ಬಂದವರು ರಾಂಜಣಗಾಂವದಲ್ಲಿ ಕಾರ್ಖಾನೆಯ ಕಟ್ಟಡಗಳನ್ನು ಕಟ್ಟಿಸುವ ಹಿರಿಯ ಎಂಜಿನಿಯರ್, ಬಿಸಿಲಿಗೆ ಕಂದಿದ ಮುಖದ ಹೆಂಗಸು. ಅವರ ಬೂಟಿನ ತುದಿಗೆ ಸಿಮೆಂಟ್ ಅಂಟಿಕೊಂಡಿತ್ತು. ಅದನ್ನು ನೋಡಿ ನನಗೆ ಧೈರ್ಯ ಬಂತು. ಮಾತೆಲ್ಲ ನಡೆದದ್ದು ಮರಾಠಿಯಲ್ಲಿ. ನನಗೆ ನೆನಪಾಗುವುದು ನಮ್ಮ ಕಡೆಯ ಕನ್ನಡದಲ್ಲಿ, ಹಾಗಾಗಿ ಹಾಗೇ ಬರೆಯುತ್ತೇನೆ.

ಮುಖ್ಯಸ್ಥರು ನೇರ ವಿಷಯಕ್ಕೆ ಬಂದರು. "ಮ್ಯಾಡಂ, ನಿಮ್ಮ ಲ್ಯಾಬಿನ ಮುಂದ ಸಂವಹನಕ್ಕ ಮೂರು ಅಂತ ಹಳೀ ಪಠ್ಯಕ್ರಮದಾಗ ಅದ. ಅದು ಖರೇ ಇದ್ರ ನಮ್ಮ ಹುಡುಗರ ಬಾಯಿ ಯಾಕ ಬರೂದಿಲ್ಲ? ಖರೇ ಇಲ್ಲಂದ್ರ ಆ ಎರಡು ತಾಸು ಬ್ಯಾರೇದವ್ರಿಗೆ ಕೊಡೂದ್ರಾಗ ಏನ್ ತಪ್ಪು?"

ಕೂತೇ ಹೇಳಿದೆ. "ಖರೇ ಇರಲಿಲ್ರಿ. ಒಂದು ಮನ್ಯಾಗ ಮೂರು ಬರದು ಕೊನೀತನಕ ಎಳದಿದ್ದೆ. ಇವತ್ತು ಮುಂಜಾನೆ ಒಂಬತ್ತು ಅಳಿಸೀನಿ. ಹೊಸಾದು ಪರದೇ ಮ್ಯಾಲದ, ನೋಡ್ರಿ."

ಪರದೆಯ ಮೇಲೆ ನನ್ನ ಸಾಲು ಕೆಂಪಗೆ ಕೂತಿತ್ತು. ಉಳಿದ ಸಾಲುಗಳೆಲ್ಲ ಹಸಿರು. ಒಬ್ಬರು ತಮ್ಮ ಸಾಲಿನ ಮೇಲೆ ಯಾರ ಕಣ್ಣಾದರೂ ಬಿತ್ತೇ ಎಂದು ಸುತ್ತ ನೋಡಿದರು. ಹೊರಗಿನ ಸದಸ್ಯೆ ಕನ್ನಡಕ ಹಾಕಿಕೊಂಡರು.

"ಇಷ್ಟು ಗೆರಿ ಇರೋ ಕೋಷ್ಟಕ ನಾ ಇವತ್ತೇ ನೋಡಿದ್ದು," ಎಂದರು. "ಉಳಿದ ಮೂರಾದ್ರೂ ಖರೇ ಅವ ಅಂತ ಹ್ಯಾಂಗ ನಂಬೂದು?"

"ಎರಡೂವರೆಗೆ ಲ್ಯಾಬಿಗೆ ಬರ್ರಿ. ಮೇಸ್ತ್ರಿ ಕ್ಯೂಬ್ ತರ್ತಾನ. ನಾ ಒಂದು ಮಾತೂ ಆಡೂದಿಲ್ಲ, ನಿಂತು ನೋಡ್ರಿ. ನೋಡಿದ ಮ್ಯಾಲ ಎರಡು ತಾಸು ತಗೀಬೇಕು ಅನಿಸಿದ್ರ ನಾನ ಸಹಿ ಹಾಕ್ತೀನಿ."

ಆ ಕೊನೆಯ ಮಾತು ಮೊದಲೇ ಯೋಚಿಸಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಲಿಲ್ಲ. ಆ ವಿಷಯದ ನಿರ್ಧಾರವನ್ನು ಸಂಜೆಗೆ ಇಟ್ಟುಕೊಂಡರು.

ಎರಡೂವರೆಗೆ ಮುಖ್ಯಸ್ಥರು, ಆ ಸದಸ್ಯೆ, ನನ್ನ ಮೈಸೂರಿನ ಸಹೋದ್ಯೋಗಿ, ಮೂವರೂ ಗೋಡೆಗೆ ಒರಗಿ ನಿಂತರು. ಆ ದಿನದ ಸರದಿ ಸಾಸವಡ ಕಡೆಯ ಒಬ್ಬ ಹುಡುಗಿಯದು. ಲೆಕ್ಕದಲ್ಲಿ ಚುರುಕು, ಮಾತು ಕಡಿಮೆ. ಅವಳೂ ಮೇಸ್ತ್ರಿಯೂ ಆಡಿದ್ದು ಮರಾಠಿಯಲ್ಲೇ. ಮೇಸ್ತ್ರಿ ತಂದಿದ್ದು ಹಾಸ್ಟೆಲ್ಲಿನ ಪಡಸಾಲೆಯ ಸ್ಲ್ಯಾಬಿನ ಮೂರು ಕ್ಯೂಬ್. ಮೊದಲನೆಯದು ಒಡೆಯಿತು, ಚದರ ಮಿಲಿಮೀಟರಿಗೆ ಹದಿನೇಳು ನ್ಯೂಟನ್. ಎರಡನೆಯದೂ ಹೆಚ್ಚುಕಡಿಮೆ ಅಷ್ಟೇ. ಮೂರನೆಯದು ಹನ್ನೆರಡೂವರೆಗೇ ಬಿರಿದು ಬಿತ್ತು.

ಹುಡುಗಿ ಕಾಗದದ ಮೇಲೆ ಮೂರನ್ನೂ ಕೂಡಿಸಿ ಭಾಗಿಸಿದಳು. ಕಾಗದದಲ್ಲಿ ಸರಾಸರಿಗೆಂದು ಒಂದು ಮನೆ ಇದೆ, ತುಂಬಿದಳು. ಮೇಸ್ತ್ರಿಯ ಕಡೆ ತಿರುಗಿ ಓದಿದಳು: "ಸರಾಸರಿ ಹದಿನೈದೂವರೆ."

"ಹದಿನೈದೂವರೆ ಅಂದ್ರ?" ಎಂದ ಮೇಸ್ತ್ರಿ.

"ಏಳು ದಿನಕ್ಕ ಹದಿನಾರು ಮ್ಯಾಲ ಬರಬೇಕಿತ್ತು. ಸ್ವಲ್ಪ ಕಡಿಮಿ ಅದ. ಖಾತ್ರಿ ಇಪ್ಪತ್ತೆಂಟು ದಿನದ ಮ್ಯಾಲ ತಿಳೀತದ."

"ಇಪ್ಪತ್ತೆಂಟು ದಿನಾ! ನಾಳಿಗಿ ನಾ ಟೇಕು ತಗೀಬೇಕವ್ವ." ಸ್ಲ್ಯಾಬಿಗೆ ಕೆಳಗಿನಿಂದ ಕೊಟ್ಟ ಆಸರೆಗಳಿಗೆ ಇಲ್ಲಿ ಟೇಕು ಎನ್ನುತ್ತಾರೆ. "ಮ್ಯಾಲಿನ ಅಂತಸ್ತಿಗೆ ಅವ ಟೇಕು ಬೇಕು. ಅಲ್ಲೀತನಕ ಯಾರ ಮನಿಯಿಂದ ತಂದು ಹಚ್ಚಲಿ? ತಗೀಲೋ ಬ್ಯಾಡೋ, ಅಷ್ಟ ಹೇಳು. ನಿನ್ನ ಲೆಕ್ಕ ನಿನ್ನ ಪುಸ್ತಕದಾಗಿರ್ಲಿ."

ಹುಡುಗಿ ಕಾಗದ ನೋಡಿದಳು, ನನ್ನನ್ನು ನೋಡಿದಳು. ಮುಖ್ಯಸ್ಥರು ಗಡಿಯಾರ ನೋಡಿದರು. ನನಗೆ ಉತ್ತರ ಗೊತ್ತಿತ್ತು. ಕನಿಷ್ಠ ಯಾವ ಪ್ರಶ್ನೆ ಕೇಳಬೇಕೆಂಬುದಂತೂ ಗೊತ್ತಿತ್ತು. ಒಂದೇ ಮಾತು ಎಸೆದಿದ್ದರೆ ಅವಳು ಹಿಡಿದುಕೊಳ್ಳುತ್ತಿದ್ದಳು. ಮಾತಾಡುವುದಿಲ್ಲ ಎಂದು ಹೇಳಿಬಿಟ್ಟಿದ್ದೆನಲ್ಲ, ಯಂತ್ರದ ಮೇಲಿನ ಪುಡಿಯನ್ನು ಬಟ್ಟೆಯಿಂದ ಒರೆಸುತ್ತ ನಿಂತೆ. ಒರೆಸಿದ್ದನ್ನೇ ಒರೆಸಿದೆ.

"ಏನವ್ವ, ನಿದ್ದಿ ಬಂತೇನು?" ಎಂದ ಮೇಸ್ತ್ರಿ.

ಹುಡುಗಿ ಬಗ್ಗಿ ಮೂರನೆಯ ಕ್ಯೂಬಿನ ಚೂರೊಂದನ್ನು ಎತ್ತಿಕೊಂಡಳು, ಉಳಿದೆರಡರ ಚೂರಿನ ಪಕ್ಕ ಹಿಡಿದಳು. "ಕಾಕಾ, ಇದು ಯಾಕ ಬೆಳ್ಳಗದ? ಮೂರೂ ಒಂದೇ ಕಡೆ ಇಟ್ಟಿದ್ರೇನು?"

ಮೇಸ್ತ್ರಿ ತಲೆ ಕೆರೆದುಕೊಂಡ. "ಎರಡು ಟಾಕಿಯೊಳಗ, ನೀರಿನ್ಯಾಗ. ಟಾಕಿ ತುಂಬಿತ್ತು, ಅದಕ್ಕ ಇದು ಹೊರಗ ಉಳೀತು."

"ಹಂಗಾರ ಮೂರರ ಸರಾಸರಿ ಹಿಡಿಯೋ ಹಂಗಿಲ್ಲ. ನಾ ತಪ್ಪು ಓದಿದೆ." ಕಾಗದದಲ್ಲಿ ಬರೆದದ್ದನ್ನು ಹೊಡೆದುಹಾಕಿದಳು. "ಕಾಕಾ, ಸ್ಲ್ಯಾಬಿಗೆ ದಿನಾ ನೀರು ಹೊಡದೀರೇನು?"

"ಹೊಡದೀವಿ. ಐತ್ವಾರ ಟ್ಯಾಂಕರ್ ಬರಲಿಲ್ಲ, ಸೋಮವಾರನೂ ತಡಾ ಆತು."

"ಎರಡು ದಿನ ಒಣಗಿತ್ತು ಅಂದ್ರ ನಿಮ್ಮ ಸ್ಲ್ಯಾಬು ಟಾಕಿಯೊಳಗಿನ ಕ್ಯೂಬ್‌ನಂಗ ಇರಲಿಕ್ಕಿಲ್ಲ, ಈ ಹೊರಗಿನದರಂಗ ಇರಬಹುದು. ಎಷ್ಟು ಗಟ್ಟಿ ಅದ ಅಂತ ನನಗ ಗೊತ್ತಿಲ್ಲ. ಗೊತ್ತಿಲ್ಲ, ಅದಕ್ಕ ನಾಳಿಗಿ ಟೇಕು ತಗೀಬ್ಯಾಡ್ರಿ. ಇವತ್ತಿಂದ ಗೋಣಿತಟ್ಟು ಹಾಸಿ ನೀರು ಹೊಡೀರಿ. ಹೊರಗಿಟ್ಟ ಕ್ಯೂಬ್ ಇನ್ನೊಂದದ ಏನು?"

"ಒಂದದ."

"ಅದನ್ನ ಸ್ಲ್ಯಾಬಿನ ಮ್ಯಾಲೇ ಇಡ್ರಿ. ಸೋಮವಾರ ಒಡಸೂಣು. ನಿಮ್ಮ ಸೈಟ್ ಎಂಜಿನಿಯರಗ ನಾ ಈಗ ಫೋನ್ ಮಾಡಿ ಹೇಳ್ತೀನಿ. ಬೈಗುಳ ನಿಮಗ ಬ್ಯಾಡ, ನನಗ ಬರ್ಲಿ."

ಮೇಸ್ತ್ರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಕ್ಕಾರ, ಈ ಹುಡುಗಿ ನನ್ನ ಎರಡು ದಿನದ ಕೆಲಸ ನಿಲ್ಲಿಸಿಬಿಟ್ಟಳಲ್ರಿ. ಖರೇ, ಈಗ ಏನ್ ಮಾಡಬೇಕು ಅಂತ ತಿಳೀತು. ನನ್ನ ಮಾರ್ಕ್ ಕೊಟ್ಟುಬಿಡ್ರಿ," ಎಂದು ಖಾಲಿ ಕೈಗಾಡಿ ದೂಡಿಕೊಂಡು ಹೊರಟ.

ಹೊರಗಿನ ಸದಸ್ಯೆ ಗೋಡೆ ಬಿಟ್ಟು ಬಂದರು. ಬೆಳ್ಳಗಿನ ಚೂರನ್ನು ಅವರೂ ಕೈಯಲ್ಲಿ ಹಿಡಿದು ನೋಡಿದರು. ತಮ್ಮ ಸೈಟಿನಲ್ಲಿ ಇಂಥ ಮಾತು ಕೇಳಲು ಮೂರು ವರ್ಷದ ಅನುಭವದವರಿಗೂ ಬರುವುದಿಲ್ಲ ಎಂದರು. ಆಮೇಲೆ ಮುಖ್ಯಸ್ಥರಿಗೆ, "ಈ ಎರಡು ತಾಸು ತಗದ್ರ ಈ ಹುಡುಗಿ ಸುಮ್ಮ ನಿಂತು ಯೋಚನಿ ಮಾಡೂದು ಯಾವಾಗ? ನೋಡಿದ್ರಲ್ಲ, ಅದಕ್ಕ ಎಷ್ಟು ಹೊತ್ತು ಹಿಡೀತು."

"ಹೊತ್ತು ಹಿಡೀತು ಖರೇ," ಎಂದರು ಮುಖ್ಯಸ್ಥರು. "ಕಂಪನಿಯವ್ರು ಅಷ್ಟು ಹೊತ್ತು ಕಾಯೂದಿಲ್ಲ."

"ನಾ ಕಂಪನಿಯಾಕಿನೇ. ಕಾಯ್ತೀನಿ."

ಮುಖ್ಯಸ್ಥರು ನಕ್ಕುಬಿಟ್ಟರು. ಮೇಲೆ ಹೋಗಿ ನಡಾವಳಿಯಲ್ಲಿ ಬರೆಸಿದರು: ಶುಕ್ರವಾರದ ನಾಲ್ಕು ಗಂಟೆ ಹಾಗೇ ಉಳಿಯುವುದು. ಸಂವಹನವನ್ನು ಪ್ರತಿ ಪ್ರಯೋಗಾಲಯದ ಒಳಗೇ, ಆಯಾ ಕೆಲಸದ ಮೂಲಕ ಕಲಿಸಿ ಅಂಕ ಕೊಡುವುದು. ಹೊರಗಿನ ತರಬೇತುದಾರರನ್ನು ಅವರು ಪೂರ್ತಿ ಬಿಡಲಿಲ್ಲ. ಸಂದರ್ಶನದ ತಯಾರಿಗೆಂದು ಕೊನೆಯ ವರ್ಷದಲ್ಲಿ ಗ್ರಂಥಾಲಯದ ಒಂದು ಗಂಟೆ ಕೊಟ್ಟರು. ನಾನೂ ಅಡ್ಡ ಹೇಳಲಿಲ್ಲ. ಕೊನೆಗೊಂದು ಸಾಲು ಸೇರಿಸಿದರು: ಎಲ್ಲರೂ ತಮ್ಮ ತಮ್ಮ ಸಾಲಿನ ಅಂಕಿಗಳನ್ನು ಸೋಮವಾರದೊಳಗೆ ಮತ್ತೆ ನೋಡಿ, ಪುರಾವೆ ಇಲ್ಲದ ಕಡೆ ಗೆರೆ ಹಾಕತಕ್ಕದ್ದು.

ಇದರಿಂದ ಕ್ಯಾಂಟೀನಿನಲ್ಲಿ ನನಗೆ ಚಹಾ ಕೊಡಿಸುವವರು ಯಾರೂ ಉಳಿಯಲಿಲ್ಲ. ನನ್ನ ಮೈಸೂರಿನ ಸಹೋದ್ಯೋಗಿಯೇ ಕೊನೆಗೆ ಎರಡು ಕಪ್ ತಂದ. "ಮೇಡಂ, ನಿಮ್ಮಿಂದ ಇಡೀ ಡಿಪಾರ್ಟ್‌ಮೆಂಟಿನ ಭಾನುವಾರ ಹಾಳಾಯ್ತು. ನಂದೂ ಸೇರಿ. ನನ್ನ ಸಾಲಲ್ಲಿ ಎಷ್ಟು ಮೂರು ನಿಜ ಅಂತ ಎಣಿಸ್ದೆ."

"ಎಷ್ಟು?"

"ಒಂದೂವರೆ."

"ಅರ್ಧಕ್ಕ ಮನಿ ಇಲ್ಲಪ್ಪ. ನಿರ್ಧಾರ ಮಾಡು."

ಹೊರಡುವ ಹೊತ್ತಿಗೆ ಆ ಹುಡುಗಿ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಅಂಕದ ಚೀಟಿ ಅವಳ ಕೈಯಲ್ಲಿತ್ತು. "ಮ್ಯಾಡಂ, ಎರಡೇ ಯಾಕ್ರಿ? ಕಾಕಾ ತಮ್ಮ ಮಾರ್ಕ್ ಕೊಟ್ಟರು. ಗೊತ್ತಿಲ್ಲ ಅಂತನೂ ಹೇಳೀನಿ."

"ಮೊದಲು ಕೇಳಿದಿ ಏನು, ಓದಿದಿ ಏನು?"

ಅವಳು ಚೀಟಿ ಮಡಿಸಿದಳು. "ಓದಿದೆ," ಎಂದಳು. "ಸೋಮವಾರ ಆ ಇನ್ನೊಂದು ಕ್ಯೂಬ್ ನಾನ ಒಡಸ್ಲೇನ್ರಿ?"

ಬಾ ಎಂದೆ. ಸೈಟ್ ಎಂಜಿನಿಯರಿಗೆ ಫೋನ್ ಹೋಗಿತ್ತಂತೆ, ಬೈಗುಳವೂ ಸಿಕ್ಕಿತಂತೆ. ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿ ಹಾಸ್ಟೆಲ್ ಕಡೆ ನೋಡಿದೆ. ಪಡಸಾಲೆಯ ಕೆಳಗೆ ಟೇಕುಗಳು ಸಾಲಾಗಿ ನಿಂತಿದ್ದವು. ಮೇಲೆ ಇಬ್ಬರು ಗೋಣಿತಟ್ಟು ಹಾಸುತ್ತಿದ್ದರು.

ದಾರಿಯಲ್ಲಿ ವಾಹನಗಳ ಸಾಲು ಎಂದಿನಂತೆ. ನನಗೆ ಅವಸರವಿರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ನಮ್ಮ ಮನೆಯವರು ಅಂಗಡಿ ಬೇಗ ಮುಚ್ಚಿ ಬಂದು ಅಡಿಗೆಗೆ ಇಟ್ಟಿದ್ದರು.

"ಸಹಿ ಹಾಕಿ ಬಂದಿಯೇನು?" ಎಂದರು. ಆ ಮಾತು ಕೊಟ್ಟಿದ್ದನ್ನು ಮಧ್ಯಾಹ್ನವೇ ಫೋನಿನಲ್ಲಿ ಹೇಳಿದ್ದೆ.

"ಹಾಕೋ ಪ್ರಸಂಗ ಬರಲಿಲ್ರಿ. ನಾಕು ತಾಸೂ ಉಳೀತು."

"ಹಂಗಾರ ಇವತ್ತು ನೀ ಭಾಂಡಿ ತಿಕ್ಕಬ್ಯಾಡ, ನಾ ತಿಕ್ತೀನಿ."

ಉಂಡದ್ದು ಹೆಸರುಬೇಳೆಯ ಖಿಚಡಿ, ಸುಟ್ಟ ಹಪ್ಪಳ, ಮಜ್ಜಿಗೆ, ನಿಂಬೆಕಾಯಿ ಉಪ್ಪಿನಕಾಯಿ. ಖಿಚಡಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾಗಿತ್ತು, ಯಾರೂ ಅನ್ನಲಿಲ್ಲ. ಅತ್ತೆಯವರು ಎರಡು ಸಲ ಹಾಕಿಸಿಕೊಂಡು, ಟಿವಿಯ ಮುಂದೆ ಕಾಲು ಚಾಚಿ ಕೂತರು. ಒಂಬತ್ತಕ್ಕೆ, ಭಾಂಡೆಯ ಸಪ್ಪಳ ಇನ್ನೂ ಕೇಳುತ್ತಿರುವಾಗಲೇ, ಎಲ್ಲರಿಗಿಂತ ಮೊದಲು ಮಲಗಿದ್ದು ನಾನು.